ಪ್ರಶ್ನೋತ್ತರ: ಮನೆಗೆ ಬಂದ ಗ್ರೇಹೌಂಡ್

ಓಟದ ಪಂದ್ಯಕ್ಕೋ ಮೊಲದ ಬೇಟೆಗೋ ಸಾಕಿ, ಕಾಲಿಗೆ ಪೆಟ್ಟಾದ ಮೇಲೆ ಬಿಟ್ಟುಬಿಟ್ಟ ಗ್ರೇಹೌಂಡ್‌ಗಳನ್ನೂ ಗ್ರೇಹೌಂಡ್–ಮುಧೋಳ ಮಿಶ್ರತಳಿಯ ನಾಯಿಗಳನ್ನೂ ಮನೆಗೆ ತಂದುಕೊಂಡ ಓದುಗರು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬರೆದಿದ್ದಾರೆ. ಈ ಸಲದ ಅಂಕಣ ಅವರಿಗೇ ಮೀಸಲು. ಹೆಚ್ಚಿನ ಪ್ರಶ್ನೆಗಳ ಬೇರು ಒಂದೇ: ಲ್ಯಾಬ್ರಡಾರ್‌ಗೋ ಬೀದಿನಾಯಿಗೋ ಹೊಂದುವ ಅಳತೆಗೋಲಿನಲ್ಲಿ ಈ ನಾಯಿಯನ್ನು ಅಳೆಯುವುದು.

ಸಿಂಧನೂರಿನಿಂದ: ಮೂರು ವರ್ಷದ ಗಂಡು ಗ್ರೇಹೌಂಡ್ ತಂದು ತಿಂಗಳಾಯಿತು. ತೂಕ 27 ಕಿಲೊ. ಪಕ್ಕೆಲುಬು ಕಾಣುತ್ತವೆ. ‘ನಾಯಿಗೆ ಉಣ್ಣಾಕ ಹಾಕಾಂಗಿಲ್ಲೇನು’ ಎಂದು ಓಣಿಯವರು ಕೇಳುತ್ತಾರೆ. ಅನ್ನ, ಹಾಲು, ತುಪ್ಪ ಹೆಚ್ಚು ಮಾಡಿದೆವು. ಈಗ ದಿನವೂ ಭೇದಿ. ಏನು ಹಾಕಬೇಕು, ಎಷ್ಟು ಹಾಕಬೇಕು?

ಓಣಿಯವರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆರೋಗ್ಯವಂತ ಗ್ರೇಹೌಂಡ್‌ಗೂ ಕೊನೆಯ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಾಣಲೇಬೇಕು. ಅವು ಮುಚ್ಚಿಹೋದರೆ ನಾಯಿ ದಪ್ಪವಾಗಿದೆ ಎಂದೇ ಅರ್ಥ, ಆ ಭಾರ ಸಣ್ಣ ಕಾಲುಗಳ ಮೇಲೆ ಬೀಳುತ್ತದೆ. ನೋಡಬೇಕಾದ್ದು ಪಕ್ಕೆಯನ್ನಲ್ಲ, ಹಿಂಭಾಗವನ್ನು. ಸೊಂಟದ ಎರಡು ಮೂಳೆಗಳು ಚೂಪಾಗಿ ಮೇಲೆದ್ದು ನಡುವೆ ಗುಳಿ ಬಿದ್ದಿದ್ದರೆ, ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಎಣಿಸುವಂತಿದ್ದರೆ, ತೊಡೆಯ ಮಾಂಸ ಒಳಗೆ ಕುಸಿದಿದ್ದರೆ ಅದು ನಿಜವಾಗಿ ಸೊರಗಿದೆ. ಗಂಡು ಗ್ರೇಹೌಂಡ್ ಸಾಮಾನ್ಯವಾಗಿ 30ರಿಂದ 36 ಕಿಲೊ ಇರುತ್ತದೆ. ನಿಮ್ಮದಕ್ಕೆ ಸದ್ಯದ ಗುರಿ 30 ಕಿಲೊ ಸಾಕು.

ಭೇದಿಗೆ ಹಾಲು ಮತ್ತು ತುಪ್ಪವೇ ಮೊದಲ ಅನುಮಾನ. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕಡಿಮೆ. ಕರುಳಲ್ಲೇ ಉಳಿದ ಆ ಸಕ್ಕರೆ ನೀರೆಳೆದು ಸಡಿಲ ಮಾಡುತ್ತದೆ. ಹಾಲು ಇವತ್ತೇ ನಿಲ್ಲಿಸಿ, ಮೊಸರು ಕೊಡಬಹುದು. ತುಪ್ಪವನ್ನೂ ನಿಲ್ಲಿಸಿ: ಕೊಬ್ಬು ಒಮ್ಮೆಲೇ ಹೆಚ್ಚಾದರೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಎರಡನೆಯ ಅನುಮಾನ ಹುಳು. ಹಿಂಡಿನಲ್ಲಿ ಬೆಳೆದ ನಾಯಿಗಳಲ್ಲಿ ಕೊಕ್ಕೆಹುಳು ಸಾಮಾನ್ಯ, ಅದು ರಕ್ತ ಹೀರುತ್ತದೆ. ಮಲ ಡಾಂಬರಿನಂತೆ ಕಪ್ಪಾಗಿದ್ದು ಒಸಡು ಬಿಳಚಿಕೊಂಡಿದ್ದರೆ ತಡ ಮಾಡಬೇಡಿ. ಕಡಲೆಕಾಳಿನಷ್ಟು ತಾಜಾ ಮಲವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ. ಹುಳುವಿನ ಔಷಧವನ್ನು ತೂಕದ ಲೆಕ್ಕದಲ್ಲೇ ಕೊಡಬೇಕು, ಮೂರು ವಾರದ ನಂತರ ಮತ್ತೊಮ್ಮೆ ಕೊಡಬೇಕು. ಮೊದಲ ಸಲದ ಔಷಧಕ್ಕೆ ಸಿಗದ ಮರಿಹುಳುಗಳು ಅಷ್ಟರಲ್ಲಿ ಬೆಳೆದಿರುತ್ತವೆ.

ಇನ್ನು ಊಟದ ಅಳತೆ. 30 ಕಿಲೊ ನಾಯಿಗೆ ದಿನದ ಸಾಧಾರಣ ಓಡಾಟಕ್ಕೆ 1,400 ಕ್ಯಾಲೊರಿ ಆಸುಪಾಸು ಬೇಕು. ಮನೆಯಡುಗೆಯಲ್ಲಿ ಅದು ಹೀಗೆ ಬರುತ್ತದೆ: ಮೂಳೆ, ಚರ್ಮ ತೆಗೆದ ಕೋಳಿಮಾಂಸ 300 ಗ್ರಾಂ, ಅಕ್ಕಿ 200 ಗ್ರಾಂ, ಬೇಯಿಸಿದ ಮೊಟ್ಟೆ ಒಂದು, ಕುಂಬಳ, ಗಜ್ಜರಿ ಅಥವಾ ಬೀನ್ಸ್ 100 ಗ್ರಾಂ, ಮೊಸರು 150 ಗ್ರಾಂ, ಅಡುಗೆ ಎಣ್ಣೆ ಎರಡು ಟೀ ಚಮಚ. ಮಾಂಸ, ಅಕ್ಕಿಯ ತೂಕ ಬೇಯಿಸುವ ಮುಂಚಿನದು. ಅಕ್ಕಿಯ ಬದಲು ಜೋಳದ ರೊಟ್ಟಿಯೂ ಆಗುತ್ತದೆ. 50 ಗ್ರಾಂ ಅಕ್ಕಿ ಕಡಿಮೆ ಮಾಡಿ 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ಹಾಕಿ, ಮಾಂಸ ಬೇಯಿಸಿದ ನೀರಿನಲ್ಲಿ ನೆನೆಸಿ ಹಿಸುಕಿ. ಒಣ ಕಟಿ ರೊಟ್ಟಿಯನ್ನು ಹಾಗೇ ಹಾಕಿದರೆ ಇವು ಅಗಿಯದೆ ನುಂಗುತ್ತವೆ.

ಮನೆಯಡುಗೆಯಲ್ಲಿ ಎಲ್ಲರೂ ಮರೆಯುವುದು ಸುಣ್ಣದ ಅಂಶ. ಮಾಂಸ, ಅನ್ನ ಎರಡರಲ್ಲೂ ರಂಜಕ ಇದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ತಿಂಗಳುಗಟ್ಟಲೆ ಹೀಗೇ ನಡೆದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ, ಆಮೇಲೆ ಒಂದು ಸಣ್ಣ ಜಿಗಿತಕ್ಕೂ ಕಾಲು ಮುರಿಯಬಹುದು. ಮೊಟ್ಟೆಯ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ. ಮೇಲಿನ ಊಟಕ್ಕೆ ದಿನಕ್ಕೆ ಮುಕ್ಕಾಲು ಟೀ ಚಮಚ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಒಳ್ಳೆಯದಾಗುವುದಿಲ್ಲ, ಸತು ಮೈಗೆ ಹತ್ತದಂತೆ ತಡೆಯುತ್ತದೆ. ಸತು, ಅಯೋಡಿನ್, ಡಿ ಮತ್ತು ಇ ಜೀವಸತ್ವಗಳಿಗಾಗಿ ನಾಯಿಗಳದ್ದೇ ಆದ ಖನಿಜ ಮಿಶ್ರಣವನ್ನು ವೈದ್ಯರಿಂದ ಬರೆಸಿಕೊಳ್ಳಿ. ಇಷ್ಟೆಲ್ಲ ತೂಗಿ ಅಳೆಯಲು ಪುರುಸೊತ್ತಿಲ್ಲದ ಮನೆಗೆ ನಮ್ಮ ಸಲಹೆ ಅರ್ಧಕ್ಕರ್ಧ: ಪೊಟ್ಟಣದ ಒಣ ಆಹಾರ 190 ಗ್ರಾಂ, ಉಳಿದದ್ದು ಮೇಲಿನ ಅಡುಗೆಯ ಅರ್ಧ. ಆಗ ಚಿಪ್ಪಿನ ಪುಡಿಯೂ ಅರ್ಧ ಆಗಬೇಕು.

ಹೊಸ ಊಟಕ್ಕೆ ಒಂದೇ ದಿನದಲ್ಲಿ ಬದಲಾಗಬೇಡಿ. ಮೂರು ದಿನ ಕಾಲು ಭಾಗ ಹೊಸದು, ಮೂರು ದಿನ ಅರ್ಧ, ಮೂರು ದಿನ ಮುಕ್ಕಾಲು, ಹತ್ತನೇ ದಿನ ಪೂರ್ತಿ. ಮಲ ಗಟ್ಟಿಯಾದ ಮೇಲೆ ಹತ್ತು ದಿನಕ್ಕೊಮ್ಮೆ ಭತ್ತ ತೂಗುವ ತೂಕದ ಯಂತ್ರದ ಮೇಲೆ ನಿಲ್ಲಿಸಿ. ತೂಕ ಏರದಿದ್ದರೆ ಊಟವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿ. ದಿನದ ಊಟವನ್ನು ಎರಡು ಮೂರು ಹೊತ್ತಿಗೆ ಹಂಚಿ. ಉಣ್ಣುವ ಒಂದು ಗಂಟೆ ಮುಂಚೆ ಮತ್ತು ಒಂದೂವರೆ ಗಂಟೆ ನಂತರ ಓಟ ಬೇಡ. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುತ್ತದೆ. ವಾಂತಿಗೆ ಒದ್ದಾಡಿದರೂ ಏನೂ ಬಾರದೆ, ಜೊಲ್ಲು ಸುರಿದು, ಹೊಟ್ಟೆ ತಮಟೆಯಂತೆ ಬಿಗಿದರೆ ಮನೆಮದ್ದಿಗೆ ಸಮಯವಿಲ್ಲ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಬೇಕು. ಯಾವುದು ಹತ್ತಿರ ಎಂದು ಈಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ.

ಮನೆಯವರು ಉಳಿಸಿದ ಸಾರು, ಪಲ್ಯ ಹಾಕಬೇಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಂದಿದ್ದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿಮೂಳೆ ಕೂಡ ಬೇಡ.

ಕುಕನೂರಿನಿಂದ: ನಮ್ಮದು ಗ್ರೇಹೌಂಡೋ ಮುಧೋಳವೋ ಗೊತ್ತಾಗುತ್ತಿಲ್ಲ. ಗೊತ್ತಾಗಲೇಬೇಕೇ?

ಕಿವಿ ನೋಡಿ. ಮುಧೋಳದ ಕಿವಿ ತಲೆಗೆ ಅಂಟಿದಂತೆ ಕೆಳಗೆ ಜೋತಿರುತ್ತದೆ, ಗ್ರೇಹೌಂಡ್‌ನದು ಚಿಕ್ಕದು, ಹಿಂದಕ್ಕೆ ಮಡಚಿಕೊಂಡಿರುತ್ತದೆ. ಗ್ರೇಹೌಂಡ್ ತೊಡೆ ತುಂಬಿದ, ಭಾರದ ನಾಯಿ. ಮುಧೋಳ 20ರಿಂದ 28 ಕಿಲೊದೊಳಗೆ ನಿಲ್ಲುತ್ತದೆ. ಊಟದ ಲೆಕ್ಕಕ್ಕೆ ಇದು ಬೇಕು: 22 ಕಿಲೊದ ಮುಧೋಳಕ್ಕೆ ಸುಮಾರು 1,140 ಕ್ಯಾಲೊರಿ ಸಾಕು. ಮುಧೋಳದ ಬಗ್ಗೆ ಹೆಚ್ಚಿನ ಮಾಹಿತಿಗೆ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ನಿಮಗೆ ದೂರವೇನಲ್ಲ.

ರಾಯಚೂರಿನಿಂದ: ಐದು ವರ್ಷದ ಹೆಣ್ಣು ಗ್ರೇಹೌಂಡ್. ಆರೋಗ್ಯವಾಗಿದೆ, ಸುಮ್ಮನೆ ರಕ್ತ ಪರೀಕ್ಷೆ ಮಾಡಿಸಿದೆವು. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 57, ಪ್ಲೇಟ್‌ಲೆಟ್ 1.3 ಲಕ್ಷ, ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ಕಲ್ಮಶ) 1.7, ಥೈರಾಯ್ಡ್ ಕಡಿಮೆ ಎಂದು ಬಂದಿದೆ. ಉಣ್ಣಿ ಜ್ವರವಿರಬಹುದು, ಮೂತ್ರಪಿಂಡವೂ ಕೆಟ್ಟಿರಬಹುದು ಎನ್ನುತ್ತಾರೆ. ಥೈರಾಯ್ಡ್ ಮಾತ್ರೆ ಶುರು ಮಾಡಬೇಕೇ?

ನೀವು ಕಳಿಸಿದ ನಾಲ್ಕೂ ಅಂಕಿಗಳು ಗ್ರೇಹೌಂಡ್‌ಗೆ ಸಹಜ. ಪ್ರಯೋಗಾಲಯದ ಹಾಳೆಯಲ್ಲಿ ಅಚ್ಚಾದ ‘ಸಾಮಾನ್ಯ ಮಿತಿ’ ಎಲ್ಲ ತಳಿಗಳ ಸರಾಸರಿ. ಈ ತಳಿ ಅದರ ಆಚೆ ನಿಲ್ಲುತ್ತದೆ. ಓಟಕ್ಕೆ ಆಮ್ಲಜನಕ ಹೊರುವ ಕೆಂಪು ಕಣ ಇದರಲ್ಲಿ ಹೆಚ್ಚು, ಆದ್ದರಿಂದ ಪಿಸಿವಿ 50ರಿಂದ 63ರವರೆಗೂ ಇರುತ್ತದೆ. ಅದನ್ನು ನೋಡಿ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದುಕೊಳ್ಳುವುದು ತಪ್ಪು. ಪ್ಲೇಟ್‌ಲೆಟ್ ಒಂದು ಲಕ್ಷದ ಆಸುಪಾಸು ಇದ್ದರೂ ಆರೋಗ್ಯವಾಗಿರುವ ಗ್ರೇಹೌಂಡ್‌ಗಳಿವೆ. ಬಿಳಿ ರಕ್ತಕಣವೂ ಕಡಿಮೆಯೇ. ಮಾಂಸಖಂಡ ಹೆಚ್ಚಿರುವುದರಿಂದ ಕ್ರಿಯಾಟಿನಿನ್ ಸ್ವಲ್ಪ ಮೇಲೆ. ಮೂತ್ರಪಿಂಡದ ಬಗ್ಗೆ ಸಂಶಯವಿದ್ದರೆ ಬೆಳಗಿನ ಮೊದಲ ಮೂತ್ರದ ಸಾಂದ್ರತೆ ನೋಡಿಸಿ. ಅದು ಚೆನ್ನಾಗಿದ್ದರೆ ಚಿಂತೆ ಬಿಡಿ. ಟಿ4 ಥೈರಾಯ್ಡ್ ಅಂಕಿ ಈ ತಳಿಯಲ್ಲಿ ಮಿತಿಗಿಂತ ಕೆಳಗಿರುವುದೇ ರೂಢಿ. ತೂಕ ಏರಿ, ಮಂಕಾಗಿ, ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಕೂಡ ಹೆಚ್ಚಾಗಿದ್ದರೆ ಮಾತ್ರ ಆ ರೋಗದ ಮಾತು. ಅಂಕಿ ಒಂದನ್ನೇ ನೋಡಿ ಮಾತ್ರೆ ಶುರು ಮಾಡಬೇಡಿ: ಬೇಡದ ಥೈರಾಯ್ಡ್ ಮಾತ್ರೆ ಹೃದಯದ ಬಡಿತ ಏರಿಸಿ ನಾಯಿಯನ್ನು ಸೊರಗಿಸುತ್ತದೆ.

ಇದೇ ಮಾತಿಗೆ ಇನ್ನೊಂದು ಮಗ್ಗುಲಿದೆ, ಅದು ಹೆಚ್ಚು ಅಪಾಯದ್ದು. ಗ್ರೇಹೌಂಡ್‌ನ ಪಿಸಿವಿ 38 ಎಂದು ಬಂದರೆ ಹಾಳೆ ಅದನ್ನು ‘ಸರಿ’ ಎನ್ನುತ್ತದೆ. ಅಸಲಿಗೆ ಅದು ರಕ್ತಹೀನತೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಉಣ್ಣಿಯ ಕಾಟವಿದೆ, ಉಣ್ಣಿಯಿಂದ ಬರುವ ಎರ್ಲಿಕಿಯಾ, ಬೆಬೀಸಿಯಾ ರೋಗಗಳು ಮೊದಲು ಹಿಡಿಯುವುದೇ ರಕ್ತವನ್ನು. ಹಾಗಾಗಿ ನಾಯಿ ಆರೋಗ್ಯವಾಗಿರುವಾಗಲೇ ತೆಗೆಸಿದ ಈ ವರದಿ ನಿಮಗೆ ದೊಡ್ಡ ಆಸ್ತಿ. ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಕಾಪಾಡಿ, ಮುಂದೆ ಜ್ವರ ಬಂದಾಗ ಹೊಸ ವರದಿಯನ್ನು ಇದರ ಪಕ್ಕದಲ್ಲಿಟ್ಟು ವೈದ್ಯರಿಗೆ ತೋರಿಸಿ. ನಾಯಿಯ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 103.5 ದಾಟಿ, ಊಟ ಬಿಟ್ಟು, ಮೂಗಿನಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ತೋರಿಸಬೇಕು. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಬರೆದರೆ ಪೂರ್ತಿ 28 ದಿನ ಕೊಡಿ. ಐದನೇ ದಿನಕ್ಕೆ ನಾಯಿ ಎದ್ದು ಓಡಾಡುತ್ತದೆ, ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ, ರೋಗ ಮೂಳೆಯ ಮಜ್ಜೆಯಲ್ಲಿ ಅಡಗಿ ಕೂರುತ್ತದೆ. ಈ ಮಾತ್ರೆ ಬರಿಹೊಟ್ಟೆಗೆ ಬೇಡ. ಒಣದಾಗಿ ನುಂಗಿಸಿದರೆ ಅನ್ನನಾಳ ಸುಡುತ್ತದೆ, ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ. ಬೆಬೀಸಿಯಾಗೆ ಔಷಧವೇ ಬೇರೆ. ಆದ್ದರಿಂದ ಅಂದಾಜಿನ ಚಿಕಿತ್ಸೆಗಿಂತ ರಕ್ತದ ಲೇಪನ (ಗಾಜಿನ ಮೇಲೆ ಸವರಿದ ರಕ್ತದ ಹನಿ) ನೋಡಿಸುವುದು ಮೇಲು.

ಉಣ್ಣಿ ತಡೆಗೆ ಬಾಯಿಗೆ ಕೊಡುವ ಮಾತ್ರೆಗಳಿವೆ: ಅಫಾಕ್ಸೊಲನರ್ ತಿಂಗಳಿಗೊಮ್ಮೆ, ಫ್ಲುರಲನರ್ 12 ವಾರಕ್ಕೊಮ್ಮೆ, ಎರಡೂ ಊಟದ ಜೊತೆ. ಮೂರ್ಛೆ ಬರುವ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಿ. ದನಕ್ಕೆ ತಂದ ಉಣ್ಣಿ ಔಷಧವನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ನಾಯಿಗೆ ಸುರಿಯುವ ರೂಢಿ ಹಳ್ಳಿಗಳಲ್ಲಿದೆ. ದಯವಿಟ್ಟು ಮಾಡಬೇಡಿ. ಗ್ರೇಹೌಂಡ್‌ನ ತೊಗಲು ತೆಳು, ಕೂದಲು ವಿರಳ, ಮೈಯಲ್ಲಿ ಕೊಬ್ಬಿಲ್ಲ. ಜೊತೆಗೆ ಮೈ ನೆಕ್ಕಿಕೊಂಡು ಔಷಧ ಹೊಟ್ಟೆಗೂ ಹೋಗುತ್ತದೆ. ನಡುಕ, ಜೊಲ್ಲು, ಸೆಳೆತ ಅದರ ಗುರುತು.

ಬಳ್ಳಾರಿಯಿಂದ: ಏಪ್ರಿಲ್, ಮೇನಲ್ಲಿ ಎಷ್ಟು ಹೊತ್ತಿಗೆ ತಿರುಗಾಡಿಸಬೇಕು? ಏರ್‌ಕೂಲರ್ ಮುಂದೆ ಮಲಗಿಸಬಹುದೇ?

ಬೆಳಿಗ್ಗೆ ಆರೂವರೆಯೊಳಗೆ ಮನೆಗೆ ಮರಳಿರಬೇಕು. ಸಂಜೆ ಸೂರ್ಯ ಮುಳುಗಿದ ತಕ್ಷಣವೂ ಬೇಡ: ಡಾಂಬರು, ಬಂಡೆಹಾಸು ರಾತ್ರಿ ಎಂಟರವರೆಗೂ ಕಾಯ್ದಿರುತ್ತವೆ. ಹಿಂಗೈಯನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯದು. ಬೇಸಿಗೆಯಲ್ಲಿ ನಡಿಗೆ 15–20 ನಿಮಿಷ ಸಾಕು, ಓಟ ಬೇಡವೇ ಬೇಡ. ಗ್ರೇಹೌಂಡ್ ಅರ್ಧ ನಿಮಿಷ ಪೂರ್ಣ ವೇಗದಲ್ಲಿ ಓಡಿದರೂ ಅದರ ದೊಡ್ಡ ಮಾಂಸಖಂಡಗಳು ಒಲೆಯಂತೆ ಕಾಯುತ್ತವೆ, ಹೊರಗೆ 40 ಡಿಗ್ರಿ ಸೆಲ್ಸಿಯಸ್ ಇರುವಾಗ ಆ ಕಾವಿಗೆ ಹೋಗಲು ದಾರಿಯಿಲ್ಲ.

ಕೂಲರ್ ಒಳ್ಳೆಯದೇ, ನಮ್ಮ ಒಣಹವೆಗೆ ಹೇಳಿ ಮಾಡಿಸಿದ್ದು. ಆದರೆ ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ತೇವ ತುಂಬಿದರೆ ನಾಯಿ ಎಷ್ಟು ಏದುಸಿರು ಬಿಟ್ಟರೂ ನಾಲಿಗೆ ತಣಿಯುವುದಿಲ್ಲ. ಬರಿ ನೆಲದ ಮೇಲೆ ಮಲಗಿಸಬೇಡಿ, ಮೊಣಕೈ ಮೂಳೆಗೆ ಕೊಬ್ಬಿನ ಮೆತ್ತೆಯಿಲ್ಲದೆ ಅಲ್ಲಿ ಕೂದಲುದುರಿ, ಗಟ್ಟಿಯಾಗಿ, ನೀರು ತುಂಬಿದ ಗಂಟು ಬರುತ್ತದೆ. ನಾಲ್ಕು ಅಂಗುಲದ ಫೋಮ್ ಹಾಸಿಗೆಗೆ ಹತ್ತಿಬಟ್ಟೆಯ ಗವಸು ಹೊಲಿಸಿ.

ನಾಯಿ ತೂರಾಡಿದರೆ, ನಾಲಿಗೆ ಕಡುಗೆಂಪಾದರೆ, ಜೊಲ್ಲು ಅಂಟಂಟಾದರೆ ಉಷ್ಣತೆ 104 ದಾಟಿದೆ ಎಂದೇ ತಿಳಿದು ಕೆಲಸ ಶುರು ಮಾಡಿ. ನೆರಳಿಗೆ ತನ್ನಿ. ನಲ್ಲಿಯ ಅಥವಾ ಮಡಕೆಯ ನೀರನ್ನು ಹೊಟ್ಟೆ, ತೊಡೆಯ ಸಂದು, ಕಂಕುಳು, ಪಾದಗಳ ಮೇಲೆ ಸುರಿಯುತ್ತಲೇ ಇರಿ, ಫ್ಯಾನ್ ಹಚ್ಚಿ. ಒದ್ದೆ ಗೋಣಿಚೀಲ ಹೊದಿಸಿ ಹಾಗೇ ಬಿಡುವುದು ಎಲ್ಲರೂ ಮಾಡುವ ತಪ್ಪು. ಎರಡು ನಿಮಿಷದಲ್ಲಿ ಚೀಲ ಮೈಯಷ್ಟೇ ಬಿಸಿಯಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ. ಬಾಯಿಗೆ ನೀರು ಬಲವಂತವಾಗಿ ಹೊಯ್ಯಬೇಡಿ. ಗುದದ ಥರ್ಮಾಮೀಟರ್ 103.5 ತೋರಿಸಿದಾಗ ನೀರು ಸುರಿಯುವುದನ್ನು ನಿಲ್ಲಿಸಿ, ಇಲ್ಲವಾದರೆ ಉಷ್ಣತೆ ತೀರಾ ಕೆಳಗಿಳಿಯುತ್ತದೆ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು: ಮೂತ್ರಪಿಂಡಕ್ಕೆ, ರಕ್ತ ಹೆಪ್ಪುಗಟ್ಟುವ ಶಕ್ತಿಗೆ ಆದ ಪೆಟ್ಟು ಎರಡು ಮೂರು ದಿನ ಕಳೆದು ಹೊರಬರುತ್ತದೆ.

ಹಾಗೆಯೇ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇದಕ್ಕೆ ಚಳಿ ಬೇಗ ಹಿಡಿಯುತ್ತದೆ. ಹಳೆಯ ಕಂಬಳಿಯಲ್ಲಿ ಒಂದು ಅಂಗಿ ಹೊಲಿಸಿಡಿ.

ಗಂಗಾವತಿಯಿಂದ: ಏಳು ವರ್ಷದ ನಾಯಿ ಮುಂಗಾಲು ಕುಂಟುತ್ತಿದೆ. ಹೊಲದ ಮಣ್ಣಿನ ಮೇಲೆ ಸರಿಯಾಗಿ ನಡೆಯುತ್ತದೆ, ಸಿಮೆಂಟ್ ರಸ್ತೆಗೆ ಬಂದರೆ ಕಾಲು ಎತ್ತಿಹಿಡಿಯುತ್ತದೆ. ಮುಳ್ಳು ಕಾಣುವುದಿಲ್ಲ. ನೋವಿನ ಮಾತ್ರೆ ಕೊಡಬಹುದೇ?

ಮೆತ್ತಗಿನ ನೆಲದಲ್ಲಿ ಸರಿ, ಗಟ್ಟಿ ನೆಲದಲ್ಲಿ ಕುಂಟು: ಇದು ಆಣಿಯ ಗುರುತು. ಮನುಷ್ಯರ ಅಂಗಾಲಿಗೆ ಆಗುವಂಥದ್ದೇ. ನಾಯಿಗಳಲ್ಲಿ ಗ್ರೇಹೌಂಡ್ ಜಾತಿಗೆ ಮಾತ್ರ ಅಂಟಿಕೊಂಡ ಕಾಟ ಎನ್ನಬಹುದು. ನಡುವಿನ ಎರಡು ಬೆರಳುಗಳ ಮೆತ್ತೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿ. ಉದ್ದಿನಕಾಳಿನಷ್ಟು ದುಂಡನೆಯ, ಮಾಸಲು ಬಣ್ಣದ ಗಟ್ಟಿ ಚುಕ್ಕೆ ಸಿಗುತ್ತದೆ, ಎರಡೂ ಬದಿಯಿಂದ ಹಿಚುಕಿದರೆ ನಾಯಿ ಕಾಲು ಎಳೆದುಕೊಳ್ಳುತ್ತದೆ. ವೈದ್ಯರು ಅದನ್ನು ನೆನೆಸಿ ಸುತ್ತಲಿನ ಸತ್ತ ಚರ್ಮ ಕೆರೆದು ತಿರುಳನ್ನು ಬಿಡಿಸುತ್ತಾರೆ. ಬಹಳಷ್ಟು ಸಲ ಮತ್ತೆ ಬೆಳೆಯುತ್ತದೆ, ಆರು ಎಂಟು ವಾರಕ್ಕೊಮ್ಮೆ ಬಿಡಿಸಬೇಕಾಗಬಹುದು. ಗಟ್ಟಿ ನೆಲಕ್ಕೆ ಹೋಗುವಾಗ ಮೆತ್ತನೆ ತಳದ ಬೂಟು ಹಾಕಿ, ಮನೆಗೆ ಬಂದೊಡನೆ ತೆಗೆಯಿರಿ. ಮನುಷ್ಯರ ಆಣಿ ಪಟ್ಟಿ ಹಚ್ಚಬೇಡಿ: ಅದರ ಆಮ್ಲ ಸುತ್ತಲಿನ ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ.

ನಮ್ಮ ಕಡೆ ಮುಳ್ಳನ್ನು ಬಿಟ್ಟು ಕುಂಟಿನ ಮಾತಾಡುವಂತಿಲ್ಲ. ಬಳ್ಳಾರಿ ಜಾಲಿ ಎಂದು ಹೆಸರೇ ಬಿದ್ದ ಗಿಡ ಕಾಲುವೆ ದಂಡೆ, ಗೋಮಾಳ, ರಸ್ತೆ ಬದಿ ಎಲ್ಲೆಲ್ಲೂ ಇದೆ. ಅದರ ಮುಳ್ಳು ಒಳಗೇ ಮುರಿದು ಮೇಲಿನ ತೂತು ಮುಚ್ಚಿಕೊಳ್ಳುತ್ತದೆ. ಆಗ ಬೆರಳು ಬಿಸಿಯಾಗಿ ಊದುತ್ತದೆ, ಎಲ್ಲ ನೆಲದಲ್ಲೂ ಕುಂಟುತ್ತದೆ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ಸಲ ಹತ್ತು ನಿಮಿಷ ಪಾದ ಅದ್ದಿ. ತುದಿ ಕಂಡರೆ ಚಿಮುಟದಿಂದ ನೇರಕ್ಕೆ ಎಳೆಯಿರಿ, ಕಾಣದಿದ್ದರೆ ಸೂಜಿಯಿಂದ ಕೆದಕಬೇಡಿ.

ಇದಾವುದೂ ಸಿಗದೆ ಕುಂಟು ಎರಡು ವಾರ ಮೀರಿದರೆ ಎಕ್ಸ್‌ರೇ ತೆಗೆಸಿ. ವಯಸ್ಸಾದ ಗ್ರೇಹೌಂಡ್‌ಗಳಲ್ಲಿ ಮೂಳೆಯ ಕ್ಯಾನ್ಸರ್ ಬೇರೆ ತಳಿಗಳಿಗಿಂತ ಹೆಚ್ಚು. ಮುಂಗಾಲಿನ ಮಣಿಕಟ್ಟಿನ ಮೇಲೆ, ಭುಜದ ಹತ್ತಿರ, ಹಿಂಗಾಲಿನ ಮೊಣಕಾಲಿನ ಸುತ್ತ ಅದು ಶುರುವಾಗುತ್ತದೆ. ಉಳುಕು ಎಂದು ಎಣ್ಣೆ ತಿಕ್ಕುತ್ತ ತಿಂಗಳು ಕಳೆದರೆ ಆ ಮೂಳೆ ಮುರಿದಾಗಲೇ ಗೊತ್ತಾಗುವುದು.

ನೋವಿನ ಮಾತ್ರೆಯ ಬಗ್ಗೆ: ಮನೆಯಲ್ಲಿರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಡಲೇಬೇಡಿ. ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ನಿಲ್ಲುತ್ತದೆ. ಪ್ಯಾರಾಸಿಟಮಾಲ್ ಕೂಡ ನಿಮ್ಮ ಅಂದಾಜಿನ ಮೇಲೆ ಬೇಡ. ನಾಯಿಗಳಿಗೆಂದೇ ಮೆಲಾಕ್ಸಿಕಾಮ್ ಮುಂತಾದವು ಇವೆ, ತೂಕ ನೋಡಿ ವೈದ್ಯರೇ ಬರೆಯಲಿ.

ಕುಷ್ಟಗಿಯಿಂದ: ಮೊಲ, ನಾಯಿ, ಬೆಕ್ಕು ಏನು ಕಂಡರೂ ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡು ಓಡುತ್ತದೆ. ಕರೆದರೆ ತಿರುಗಿಯೂ ನೋಡುವುದಿಲ್ಲ. ಬಿಟ್ಟು ತಿರುಗಾಡಿಸುವಂತೆ ಕಲಿಸಬಹುದೇ?

ಬೇಲಿಯಿಲ್ಲದ ಬಯಲಲ್ಲಿ ಬಿಡಬೇಡಿ. ಕಲಿಸಿದ ಮೇಲೂ ಬೇಡ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ, ಓಡುವ ಪ್ರಾಣಿ ಕಂಡ ಕ್ಷಣ ಕಿವಿ ಮುಚ್ಚಿಹೋಗುತ್ತದೆ. ಗಂಟೆಗೆ 60 ಕಿಲೊಮೀಟರ್ ದಾಟುವ ನಾಯಿ ಒಂದು ನಿಮಿಷದಲ್ಲಿ ಹೆದ್ದಾರಿಯಲ್ಲಿರುತ್ತದೆ. ಬೇಲಿ ತಂತಿಗೆ ಸಿಕ್ಕರೆ ತೆಳು ತೊಗಲು ಕಾಗದದಂತೆ ಹರಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ಬಿದ್ದರೆ ಕೊಬ್ಬಿಲ್ಲದ ಮೈ ತೇಲುವುದಿಲ್ಲ, ಇಳಿಜಾರು ದಂಡೆಯ ಮೇಲೆ ಉಗುರು ನಿಲ್ಲುವುದಿಲ್ಲ. ಮೊಲ, ಕೃಷ್ಣಮೃಗ ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉತ್ತರ ಕೊಡಬೇಕಾದವರು ನೀವೇ.

ಪಟ್ಟಿ ಜಾರುವುದು ನಾಯಿಯ ಜಾಣತನದಿಂದಲ್ಲ. ಈ ತಳಿಯ ಕುತ್ತಿಗೆ ತಲೆಗಿಂತ ದಪ್ಪ, ಸಾದಾ ಪಟ್ಟಿ ಎಷ್ಟು ಬಿಗಿದರೂ ಜಾರುತ್ತದೆ, ಇಲ್ಲವೇ ಉಸಿರುಗಟ್ಟಿಸುತ್ತದೆ. ಮಾರ್ಟಿಂಗೇಲ್ ಎಂಬ ಪಟ್ಟಿ ತರಿಸಿ: ದೊಡ್ಡ ಕುಣಿಕೆಯ ಜೊತೆ ಒಂದು ಚಿಕ್ಕ ಕುಣಿಕೆ ಇರುತ್ತದೆ, ನಾಯಿ ಹಿಂದಕ್ಕೆ ಎಳೆದಾಗ ಮಾತ್ರ ಬಿಗಿಯುತ್ತದೆ. ಅಗಲ ಎರಡು ಅಂಗುಲ ಇರಲಿ, ಕಿವಿಯ ಹಿಂದೆ ಕುತ್ತಿಗೆಯ ಮೇಲ್ಭಾಗದಲ್ಲಿ ಕೂರಲಿ. ಪೂರ್ತಿ ಬಿಗಿದಾಗ ಎರಡು ಉಂಗುರಗಳ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಉಂಗುರಗಳು ಒಂದಕ್ಕೊಂದು ತಾಗಿದರೆ ಪಟ್ಟಿ ಸಡಿಲವೆಂದೇ ಅರ್ಥ, ತಲೆ ಹೊರಬರುತ್ತದೆ. ಮನೆಯಲ್ಲಿ ಒಂಟಿಯಾಗಿರುವಾಗ ಈ ಪಟ್ಟಿ ತೆಗೆದಿಡಿ, ಎಲ್ಲಾದರೂ ಸಿಕ್ಕಿಕೊಂಡರೆ ಬಿಗಿಯುತ್ತಲೇ ಹೋಗುತ್ತದೆ. ಹಗ್ಗ ಒಂದೂವರೆಯಿಂದ ಎರಡು ಮೀಟರ್. ತುದಿಯ ಕುಣಿಕೆಯೊಳಗೆ ಮಣಿಕಟ್ಟು ತೂರಿಸಿ ಅಂಗೈಯಲ್ಲಿ ಹಿಡಿಯಿರಿ, ಬೆರಳಿಗೆ ಸುತ್ತಬೇಡಿ.

ಕರೆದರೆ ಬರುವುದನ್ನು ಕಲಿಸಿ, ಬಾಗಿಲು ತೆರೆದುಹೋದ ದಿನಕ್ಕೆ ಬೇಕಾಗುತ್ತದೆ. ಒಂದು ಸೀಟಿ ಇಟ್ಟುಕೊಳ್ಳಿ, ಬೇರೆ ಯಾವುದಕ್ಕೂ ಅದನ್ನು ಊದಬೇಡಿ. ಮೊದಲ ವಾರ ಮನೆಯೊಳಗೆ, ನಾಯಿ ಎರಡು ಹೆಜ್ಜೆ ದೂರದಲ್ಲಿರುವಾಗ ಊದಿ, ಊದಿದೊಡನೆ ಬೇಯಿಸಿದ ಕೋಳಿಯ ಒಂದು ಚೂರು. ದಿನಕ್ಕೆ ಹತ್ತು ಸಲ, ಐದೈದರಂತೆ. ಎರಡನೇ ವಾರ ಪಕ್ಕದ ಕೋಣೆಯಿಂದ. ಮೂರನೇ ವಾರ ಅಂಗಳದಲ್ಲಿ, ಐದು ಮೀಟರ್ ಹಗ್ಗದಲ್ಲಿ. ಆ ಹಗ್ಗ ಎದೆಪಟ್ಟಿಗೆ ಕಟ್ಟಿರಲಿ, ಕೊರಳಿಗಲ್ಲ, ಐದು ಮೀಟರಿಗಿಂತ ಉದ್ದವೂ ಬೇಡ: ಕೆಲವೇ ನೆಗೆತಗಳಲ್ಲಿ ಪೂರ್ಣ ವೇಗ ಹಿಡಿಯುವ ನಾಯಿ ಉದ್ದ ಹಗ್ಗದ ತುದಿಗೆ ಬಡಿದರೆ ಕುತ್ತಿಗೆಯೇ ಮುರಿಯಬಹುದು. ತಡವಾಗಿ ಬಂದರೂ ಬಯ್ಯಬೇಡಿ, ಹೊಡೆಯಬೇಡಿ. ಒಮ್ಮೆ ಹೊಡೆದರೆ ಆ ಸೀಟಿ ಸತ್ತಂತೆ.

ಓಟದ ಆಸೆ ತೀರಿಸಲು ಆರು ಅಡಿ ಗೋಡೆಯ ಖಾಲಿ ಗೋದಾಮಿನ ಅಂಗಳವೋ ರಜೆ ದಿನದ ಶಾಲಾ ಮೈದಾನವೋ ಕೇಳಿ ನೋಡಿ. ಗಾಜಿನ ಚೂರು, ತಂತಿ ಮೊದಲು ಆರಿಸಿ, ಹತ್ತು ನಿಮಿಷ ನಡೆಸಿ ಮೈ ಬೆಚ್ಚಗಾದ ಮೇಲೆ ಬಿಡಿ. ವಾರಕ್ಕೆ ಎರಡು ಸಲ, ಎರಡು ಮೂರು ನಿಮಿಷ ಸಾಕಾಗುತ್ತದೆ. ಉಳಿದ ಹೊತ್ತು ಮಲಗಿಯೇ ಕಳೆಯುವ ನಾಯಿ ಇದು.

ಕಂಪ್ಲಿಯಿಂದ: ಸಾಧು ನಾಯಿ. ಆದರೆ ಮಲಗಿದ್ದಾಗ ಮಗಳು ಮುಟ್ಟಿದ್ದಕ್ಕೆ ಗುರ್ರೆಂದು ಬಾಯಿ ಹಾಕಿತು. ಕಣ್ಣು ತೆರೆದೇ ಇತ್ತು. ಇಂಥ ನಾಯಿ ಮನೆಯಲ್ಲಿರಬೇಕೇ?

ಗ್ರೇಹೌಂಡ್‌ಗಳು ಕಣ್ಣು ತೆರೆದುಕೊಂಡೂ ನಿದ್ದೆ ಮಾಡುತ್ತವೆ. ಗೂಡಿನಲ್ಲಿ ಒಂಟಿಯಾಗಿ ಮಲಗಿ ಬೆಳೆದ ನಾಯಿಗೆ ನಿದ್ದೆಯಲ್ಲಿ ಯಾರೋ ಮೈ ಮುಟ್ಟುವುದು ಹಿಂದೆಂದೂ ಆಗಿರದ ಸಂಗತಿ, ಬೆಚ್ಚಿ ಬಾಯಿ ಹಾಕುತ್ತದೆ, ಎಚ್ಚರವಾದ ಮೇಲೆ ತಾನೇ ಗಾಬರಿಯಾಗುತ್ತದೆ. ಹಾಸಿಗೆಯನ್ನು ಓಡಾಟದ ದಾರಿಯಿಂದ ಮೂಲೆಗೆ ಸರಿಸಿ, ಆ ಮೂಲೆಗೆ ಮಕ್ಕಳು ಹೋಗದಂತೆ ಅಡ್ಡಗಟ್ಟಿ. ನಾಯಿ ಬೇಕಾದರೆ ಹೆಸರು ಹಿಡಿದು ದೂರದಿಂದಲೇ ಕರೆಯಿರಿ. ಅದು ತಲೆ ಎತ್ತಿ, ಎದ್ದು ನಿಮ್ಮ ಬಳಿ ಬಂದ ಮೇಲೆಯೇ ಮುಟ್ಟುವುದು. ಮಂಚದ ಮೇಲೆ ಜೊತೆಗೆ ಮಲಗಿಸಿಕೊಳ್ಳುವುದು ಬೇಡ. ಗುರ್ರೆಂದದ್ದಕ್ಕೆ ಹೊಡೆಯಬೇಡಿ: ಗುರ್ರೆನ್ನುವುದನ್ನು ಬಿಟ್ಟು ಮುಂದೆ ಎಚ್ಚರಿಕೆಯೇ ಇಲ್ಲದೆ ಕಚ್ಚುವುದನ್ನು ಕಲಿಯುತ್ತದೆ. ಹಲವು ನಾಯಿಗಳಲ್ಲಿ ಕೆಲವು ತಿಂಗಳಲ್ಲಿ ಇದು ಕಡಿಮೆಯಾಗುತ್ತದೆ, ಮಕ್ಕಳ ನಿಯಮ ಮಾತ್ರ ಕೊನೆಯವರೆಗೂ ಇರಲಿ. ಎಚ್ಚರವಿರುವಾಗಲೂ ಬಾಯಿ ಹಾಕುತ್ತಿದ್ದರೆ ಅದು ಬೇರೆ ವಿಷಯ, ಮೊದಲು ನೋವಿದೆಯೇ ಎಂದು ವೈದ್ಯರಿಂದ ನೋಡಿಸಿ. ಹಲ್ಲು ತಾಗಿ ತೊಗಲು ಗೀರಿದ್ದರೂ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಮಗುವಿಗೆ ರೇಬೀಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ. ನಾಯಿಗೆ ಲಸಿಕೆ ಆಗಿದ್ದರೂ ಹೋಗಿ.

ಮಾನ್ವಿಯಿಂದ: ಮನೆಯಲ್ಲಿ ಕೋಳಿ, ಆಡಿನ ಮರಿ ಇವೆ. ಹೊಂದಿಸಬಹುದೇ?

ಬೇಟೆ ಆಡಿದ ನಾಯಿಯಾದರೆ ಕೋಳಿಯ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ, ಜಾಲರಿಯ ಬೇಲಿಯೇ ದಾರಿ. ಆಡಿನ ಜೊತೆ ಪ್ರಯತ್ನಿಸಬಹುದು. ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗೆ ನಾಯಿಗೂ ಬುಟ್ಟಿಯಾಕಾರದ ಬಾಯಿಕುಕ್ಕೆ ಸಿಗುತ್ತದೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು, ಬಟ್ಟೆಯ ಪಟ್ಟಿ ಬೇಡ. ಕುಕ್ಕೆ, ಹಗ್ಗ ಎರಡೂ ಇರುವಂತೆ ಹತ್ತು ಮೀಟರ್ ದೂರದಿಂದ ಕಟ್ಟಿದ ಆಡನ್ನು ತೋರಿಸಿ. ನೋಟ ತೆಗೆದು ನಿಮ್ಮ ಕಡೆ ತಿರುಗಿದಾಗಲೆಲ್ಲ ತಿನಿಸು. ಕಿವಿ ನಿಮಿರಿ, ಮೈ ಸೆಟೆದು, ಕರೆದರೂ ರೆಪ್ಪೆ ಹೊಡೆಯದೆ ನೋಡುತ್ತಿದ್ದರೆ ಇನ್ನೂ ದೂರ ಹೋಗಿ. ವಾರಗಳ ಮೇಲೂ ಹಾಗೇ ಇದ್ದರೆ ಶಾಶ್ವತವಾಗಿ ಬೇರೆ ಇಡುವುದೇ ಸರಿ. ಹೊಂದಿಕೊಂಡಂತೆ ಕಂಡರೂ ಯಾರೂ ಇಲ್ಲದಾಗ ಒಟ್ಟಿಗೆ ಬಿಡಬೇಡಿ.

ಕೊಪ್ಪಳದಿಂದ: ಮೆಟ್ಟಿಲು ಹತ್ತುವುದಿಲ್ಲ, ‘ಕೂತ್ಕೊ’ ಎಂದರೆ ಕೂರುವುದಿಲ್ಲ. ಮೊಂಡೇ?

ಮೊಂಡಲ್ಲ. ಮೆಟ್ಟಿಲನ್ನು ಅದು ಬಹುಶಃ ನೋಡಿಯೇ ಇಲ್ಲ. ಒಬ್ಬರು ಹಿಂದಿನಿಂದ ಆಸರೆಯಾಗಿ, ಇನ್ನೊಬ್ಬರು ಒಂದೊಂದೇ ಕಾಲು ಎತ್ತಿ ಮೇಲಿನ ಮೆಟ್ಟಿಲ ಮೇಲಿಟ್ಟು ಕಲಿಸಿ. ನಯವಾದ ಕಲ್ಲಿಗೆ ಗೋಣಿತಾಟು ಹಾಸಿ. ತೊಡೆಯ ಮಾಂಸಖಂಡ ದಪ್ಪವಿರುವುದರಿಂದ ಕೂರುವುದು ಇದಕ್ಕೆ ಕಷ್ಟದ ಭಂಗಿ. ಬದಲಿಗೆ ‘ನಿಲ್ಲು’, ‘ಮಲಗು’ ಕಲಿಸಿ, ಐದು ನಿಮಿಷ ಮೀರದ ಪಾಠ ದಿನಕ್ಕೆ ಎರಡು.

ಲಿಂಗಸುಗೂರಿನಿಂದ: ಮುಂದಿನ ವಾರ ಸಂತಾನಹರಣ ಶಸ್ತ್ರಚಿಕಿತ್ಸೆ. ಅರಿವಳಿಕೆ ತಡೆಯುತ್ತದೆಯೇ? ಹಲ್ಲಿನಲ್ಲಿ ಕಂದು ಪಾಚಿಯೂ ಕಟ್ಟಿದೆ.

ತಡೆಯುತ್ತದೆ, ಆದರೆ ಥಯೋಪೆಂಟೋನ್ ಎಂಬ ಅರಿವಳಿಕೆ ಔಷಧ ಬೇಡವೆಂದು ವೈದ್ಯರಿಗೆ ಮೊದಲೇ ಹೇಳಿ. ಈ ತಳಿಯ ಪಿತ್ತಜನಕಾಂಗ ಅದನ್ನು ನಿಧಾನವಾಗಿ ಒಡೆಯುತ್ತದೆ, ಹೀರಿಕೊಳ್ಳಲು ಕೊಬ್ಬೂ ಇಲ್ಲ, ನಾಯಿ ಗಂಟೆಗಟ್ಟಲೆ ಏಳುವುದಿಲ್ಲ. ಪ್ರೊಪೊಫಾಲ್ ಚುಚ್ಚುಮದ್ದು ಕೊಟ್ಟು, ಉಸಿರಿನ ಜೊತೆ ಕೊಡುವ ಐಸೊಫ್ಲುರೇನ್ ಮೇಲೆ ಇಡುವುದು ಒಳ್ಳೆಯ ದಾರಿ. ಅಂದು ಬೆಳಿಗ್ಗೆಯೇ ತೂಕ ಮಾಡಿಸಿ. ಎಚ್ಚರವಾಗುವಾಗ ಮೈ ತಣ್ಣಗಾಗುತ್ತದೆ, ಕಂಬಳಿ ಒಯ್ಯಿರಿ. ಎಲ್ಲಕ್ಕಿಂತ ಮುಖ್ಯ: ಕೆಲವು ಗ್ರೇಹೌಂಡ್‌ಗಳಲ್ಲಿ ಕಟ್ಟಿದ ಹೆಪ್ಪು ಬೇಗ ಕರಗಿ, ಶಸ್ತ್ರಚಿಕಿತ್ಸೆಯಾದ 36–48 ಗಂಟೆಯ ಹೊತ್ತಿಗೆ ರಕ್ತ ಜಿನುಗುತ್ತದೆ. ಮೊದಲ ದಿನ ಎಲ್ಲ ಸರಿಯಿತ್ತೆಂದು ಊರು ಬಿಟ್ಟು ಹೋಗಬೇಡಿ. ಹೊಟ್ಟೆ, ತೊಡೆಯ ಒಳಭಾಗ ನೇರಳೆ ಬಣ್ಣಕ್ಕೆ ತಿರುಗಿದರೆ ಕೂಡಲೇ ಮರಳಿ ಕರೆದೊಯ್ಯಿರಿ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಮುಂಚಿತವಾಗಿ ಕೊಡಬೇಕೇ ಎಂದು ವೈದ್ಯರನ್ನು ಕೇಳಿ.

ಅದೇ ಅರಿವಳಿಕೆಯಲ್ಲಿ ಹಲ್ಲೂ ಸ್ವಚ್ಛ ಮಾಡಿಸಬಹುದೇ ವಿಚಾರಿಸಿ, ಈ ತಳಿಗೆ ಹಲ್ಲು ಬೇಗ ಕೆಡುತ್ತದೆ. ಆಮೇಲೆ ಮೆತ್ತನೆ ಬ್ರಷ್, ನಾಯಿಗಳ ಪೇಸ್ಟ್, ದಿನಕ್ಕೊಮ್ಮೆ. ನಮ್ಮ ಪೇಸ್ಟ್ ಬೇಡ, ಅದು ಉಗುಳಲಾರದೆ ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ.